ಮೊಳೆಗೆ ಹಾಕದ ಬೀಗದಕೈ

ಕಂಪ್ಯೂಟರಿನ ಮುಂಭಾಗದಲ್ಲಿ ಕಿರುಬೆರಳಿನ ಉಗುರಿನಷ್ಟು ಸಣ್ಣದೊಂದು ಬೀಗವಿತ್ತು. ಅದರ ಬೀಗದಕೈಯನ್ನು ಅಜ್ಜಮ್ಮ ಮೊದಲ ದಿನವೇ ಅಡಿಗೆಮನೆ ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿದರು.

“ಅದು ಅಲ್ಯಾಕಜ್ಜಿ? ನನ್ನ ಹತ್ರ ಇರಲಿ ಕೊಡು,” ಎಂದಳು ಮೊಮ್ಮಗಳು ನೀಲಾಂಬಿಕೆ.

“ಈ ಮನೆ ಬೀಗದಕೈ ಎಲ್ಲಾ ಇರೋದು ಇಲ್ಲೇ. ಕಣಜದ್ದು ಐತೆ, ಹಿತ್ತಲ ಬಾಗಿಲದ್ದು ಐತೆ, ನನ್ನ ಬಂಗಾರದ ಪೆಟ್ಟಿಗೇದೂ ಐತೆ. ನಿನ್ನ ಟಿವಿ ಏನು ಅದಕ್ಕಿಂತ ದೊಡ್ಡದಾ?”

“ಟಿವಿ ಅಲ್ಲಜ್ಜಿ ಅದು.”

“ಏನೋ ಒಂದು. ಸೊಸೆ ಬಂದ್ರೆ ಹೆಸರು ಸೈತ ನಾವೇ ಇಡೋ ಮನೆ ಇದು. ಇಲ್ಲಿ ನಂದು ನಿಂದು ಅಂತ ಬ್ಯಾರೆ ಇಲ್ಲ, ತಂಗಿ.”

ಎಂಬತ್ತೊಂಬತ್ತನೇ ಇಸವಿಯ ಶ್ರಾವಣ ಅದು. ದಾವಣಗೆರೆಯ ಒಂದು ಕಚೇರಿಯವರು ಹೊಸದನ್ನು ತರಿಸಿಕೊಂಡು ಹಳೆಯದನ್ನು ಮಾರಿದ್ದರು. ರೇಡಿಯೊ ರಿಪೇರಿ ಬಿಟ್ಟು ಕಂಪ್ಯೂಟರ್ ಹಿಡಿದಿದ್ದ ಯರ್ರಿಸ್ವಾಮಿ ಅದನ್ನು ಕಂಬಳಿಯಲ್ಲಿ ಸುತ್ತಿ, ಬಾಣಂತಿಯನ್ನು ಕರೆತರುವ ಹಾಗೆ ಬಾಡಿಗೆ ವ್ಯಾನಿನಲ್ಲಿ ಹೊನ್ನಾಳಿಗೆ ತಂದ. ಮನೆಯ ಮುಂದಿನ ಪಡಸಾಲೆಯೇ ಅಜ್ಜಮ್ಮನ ಮಗ ಮಹೇಶ್ವರಪ್ಪನವರ ಟೈಪಿಂಗ್ ಇನ್‌ಸ್ಟಿಟ್ಯೂಟ್. ಎಂಟು ಟೈಪ್‌ರೈಟರುಗಳ ಸಾಲಿನ ಕೊನೆಗೆ, ಕಿಟಕಿ ಪಕ್ಕದಲ್ಲಿ ಒಂಬತ್ತನೆಯ ಮೇಜು ಹಾಕಿ ಅದನ್ನು ಕೂರಿಸಿದರು. ಎರಡು ದಿನ ಬೀದಿಯವರೆಲ್ಲ ಬಂದು ನೋಡಿಕೊಂಡು ಹೋದರು. ಮಹೇಶ್ವರಪ್ಪನವರ ಹೆಂಡತಿ ಪ್ರೇಮಮ್ಮ ಎಲ್ಲರಿಗೂ ಚಹಾ ಕಾಸಿ ಕೊಟ್ಟಳು.

ಅದನ್ನು ಮುಟ್ಟಲು ಮನೆಯಲ್ಲಿ ಧೈರ್ಯ ಬಂದದ್ದು ನೀಲಾಳಿಗೆ ಒಬ್ಬಳಿಗೇ. ಬಿ.ಕಾಂ. ಓದಿದವಳು. ಎರಡು ವರ್ಷದ ಹಿಂದೆ ಚನ್ನಗಿರಿಗೆ ಮದುವೆ ಮಾಡಿಕೊಟ್ಟಿದ್ದರು. ಈ ಯುಗಾದಿಗೆ ಒಂದು ಸೂಟ್‌ಕೇಸ್ ಹಿಡಿದು ಬಂದವಳು ಮತ್ತೆ ಹೋಗಿರಲಿಲ್ಲ. ಯಾಕೆ ಅಂದರೆ ಹೇಳುತ್ತಿರಲಿಲ್ಲ. “ಹೊಡೆದ್ರಾ?” “ಇಲ್ಲ.” “ಬೈದ್ರಾ?” “ಇಲ್ಲ.” “ಹೊಟ್ಟೆಗೆ ಕಡಿಮೆ ಮಾಡಿದ್ರಾ?” “ಇಲ್ಲ.” ಇಷ್ಟೇ. ಮಹೇಶ್ವರಪ್ಪ ಮೂರು ಸಲ ಕೇಳಿ, ಸೋತು, ದೀಪಾವಳಿಯೊಳಗೆ ಹಿರಿಯರನ್ನು ಕೂರಿಸಿ ಇತ್ಯರ್ಥ ಮಾಡುವುದೆಂದು ನಿಶ್ಚಯಿಸಿದ್ದರು.

ನೀಲಾ ನಾಲ್ಕು ದಿನದಲ್ಲಿ ಯರ್ರಿಸ್ವಾಮಿಯಿಂದ ಕಂಪ್ಯೂಟರ್ ಕಲಿತಳು. ಬೆಳಿಗ್ಗೆ ಶಾಲೆಯವರ ಅಂಕಪಟ್ಟಿ, ಲಗ್ನದ ಕಾರ್ಡು, ಅರ್ಜಿಗಳನ್ನು ಮಾಡುವಳು. ಮಧ್ಯಾಹ್ನ ಒಂದರಿಂದ ಮೂರರವರೆಗೆ ಇನ್‌ಸ್ಟಿಟ್ಯೂಟ್ ಮುಚ್ಚಿರುತ್ತಿತ್ತು. ಆಗ ಊಟ ಮುಗಿಸಿ ಒಬ್ಬಳೇ ಅದರ ಮುಂದೆ ಕೂತು ಏನನ್ನೋ ಬರೆಯುವಳು. ಅದರಲ್ಲಿ ಕನ್ನಡ ಅಕ್ಷರ ಇರಲಿಲ್ಲ. ಕನ್ನಡದ ಮಾತನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಿದ್ದಳು. ಪಾತ್ರೆ ತೊಳೆಯುತ್ತಿದ್ದ ಪ್ರೇಮಮ್ಮನಿಗೆ ಹಿತ್ತಲವರೆಗೂ ಆ ಟಕಟಕ ಕೇಳುತ್ತಿತ್ತು. ಮಗಳು ಬಾಯಿ ಬಿಟ್ಟು ಮಾತಾಡದಿದ್ದರೂ ಎಲ್ಲೋ ಒಂದು ಕಡೆ ಮಾತಾಡುತ್ತಿದ್ದಾಳಲ್ಲ ಎಂದು ಅವಳಿಗೆ ಸಮಾಧಾನ.

ಒಂದು ದಿನ ನೀಲಾ ಬರೆಯುತ್ತಾ ಕೂತಿದ್ದಾಗ ಕರೆಂಟು ಹೋಯಿತು. ಮರುದಿನ ತೆಗೆದು ನೋಡಿದರೆ ಅರ್ಧ ಇತ್ತು, ಅರ್ಧ ಇರಲಿಲ್ಲ. ಅವಳು ಅದನ್ನು ಸರಿಮಾಡುತ್ತಾ ಕೂತವಳು ಅಜ್ಜಿ ಕರೆದರೆಂದು ಒಳಗೆ ಹೋದಳು. ಅಷ್ಟರಲ್ಲಿ ಮೂರಾಯಿತು. ಟೈಪಿಂಗ್ ಕಲಿಯುವ ಹುಡುಗಿಯರು ಬಂದರು. ಇಬ್ಬರು ಪರದೆಯ ಮುಂದೆ ಬಗ್ಗಿ ಅಕ್ಷರ ಕೂಡಿಸಿ ಕೂಡಿಸಿ ಗಟ್ಟಿಯಾಗಿ ಓದಿದರು.

“ಆ ಮನೇಲಿ... ನನ್ನ ಹೆಸರು ಹಿಡಿದು... ಕರೀತಿದ್ದೋನು... ಹಾಲಿನವನು ಒಬ್ನೇ.”

“ಹಾಲಿನವನು!” ಎಂದಳು ಒಬ್ಬಳು. ಇನ್ನೊಬ್ಬಳು ಬಾಯಿಗೆ ಸೆರಗು ಒತ್ತಿಕೊಂಡಳು.

ನೀಲಾ ಓಡಿ ಬಂದು ಸ್ವಿಚ್ಚೇ ಆರಿಸಿದಳು.

ಸಂಜೆಯೊಳಗೆ ಆ ಮಾತು ಬೀದಿ ದಾಟಿತು. ಎರಡು ದಿನಕ್ಕೆ ಮಹೇಶ್ವರಪ್ಪ ಸಂತೆಯಿಂದ ತರಕಾರಿ ಚೀಲ ಹಿಡಿದು ಬಂದವರು ಚೀಲ ಇಳಿಸದೆಯೇ ಕೂಗಿದರು.

“ಹಾಲಿನವನು ಯಾರು?”

ನೀಲಾ ಅಲಸಂದೆಕಾಯಿ ಸುಲಿಯುತ್ತಿದ್ದಳು. ಇನ್ನೊಂದು ಕಾಯಿ ಎತ್ತಿಕೊಂಡಳು.

“ಯಾರು ಅಂತ ಕೇಳ್ತಿದೀನಿ!”

“ಓದ್ದೋರನ್ನೇ ಕೇಳ್ರಿ ಅಪ್ಪಾಜಿ.”

“ಓದ್ದೋರು ಊರು ತುಂಬ ಹೇಳ್ತಾ ಅದಾರೆ. ನನಗೆ ನಿನ್ನ ಬಾಯಿಂದ ಬೇಕು.”

“ನಾನು ಊರಿಗೆ ಓದಾಕೆ ಬರೆದಿದ್ದಲ್ಲ ಅದು.”

“ಮತ್ತೆ ಯಾರಿಗೆ ಓದಾಕೆ ಬರೆದೆ?”

ನೀಲಾ ಸುಲಿದ ಕಾಳನ್ನೆಲ್ಲ ಸಿಪ್ಪೆಯ ಮೊರಕ್ಕೆ ಸುರಿದು, ಸಿಪ್ಪೆಯನ್ನು ಪಾತ್ರೆಗೆ ಹಾಕಿ ಎದ್ದುಹೋದಳು. ಪ್ರೇಮಮ್ಮ ಮತ್ತೆ ಬೇರೆ ಮಾಡುತ್ತಾ ಕೂತಳು.

ಮರುದಿನದಿಂದ ನೀಲಾ ಕಂಪ್ಯೂಟರಿನ ಬೀಗ ಹಾಕಿ ಬೀಗದಕೈಯನ್ನು ಕುಪ್ಪಸದೊಳಗೆ ಇಟ್ಟುಕೊಂಡಳು. ಸ್ನಾನಕ್ಕೆ ಹೋದಾಗ ಅದನ್ನು ಬಚ್ಚಲ ಗೂಡಿನಲ್ಲಿ ಇಟ್ಟಿದ್ದಳು. ಅಜ್ಜಮ್ಮ ನೋಡಿ, ಪಾಪ ಮರೆತು ಬಿಟ್ಟಿದ್ದಾಳೆಂದು ತಂದು ಮೊಳೆಗೆ ಹಾಕಿದರು. ಹೀಗೆ ಮೂರು ಸಲ ಆಯಿತು. ಅವರಿಗೆ ಕೆಟ್ಟ ಬುದ್ಧಿ ಇರಲಿಲ್ಲ. ಅರವತ್ತೈದು ವರ್ಷದಿಂದ ಆ ಮನೆಯಲ್ಲಿ ಬಿದ್ದ ಬೀಗದಕೈ ಕಂಡರೆ ಅವರ ಕೈ ತಾನಾಗಿ ಆ ಮೊಳೆಯ ಕಡೆಗೇ ಹೋಗುತ್ತಿತ್ತು.

ಯರ್ರಿಸ್ವಾಮಿ ಪ್ರಿಂಟರಿನ ರಿಬ್ಬನ್ ಹಾಕಲು ಬಂದಾಗ ನೀಲಾ ಎಲ್ಲರ ಮುಂದೆಯೇ ಕೇಳಿದಳು.

“ಅಣ್ಣಾರೆ, ಬೀಗದಕೈ ಇಲ್ಲದೆ ಬೀಗ ಹಾಕಾಕೆ ಬರ್ತೈತಾ ಇದಕ್ಕೆ?”

“ಬರ್ತೈತೆ ತಂಗಿ. ಪಾಸ್‌ವರ್ಡ್ ಅಂತ. ನೀವು ಬರೆದಿದ್ದಕ್ಕೆ ಒಂದು ಮಾತು ಇಟ್ಟು ಮುಚ್ಚೋದು. ಆ ಮಾತು ಒತ್ತಿದ್ರೆ ಮಾತ್ರ ತೆರೀತೈತೆ. ಒತ್ತೋವಾಗ ಪರದೆ ಮ್ಯಾಲೆ ಕಾಣೋದೂ ಇಲ್ಲ.”

“ಮಂತ್ರ ಇದ್ದಂಗೆ,” ಎಂದರು ಅಜ್ಜಮ್ಮ.

“ಮಂತ್ರಾನೇ ಅನ್ರಿ ಅಜ್ಜಿ. ಆದ್ರೆ ಎಂಥದು ಇಡ್ತೀವಿ ಅನ್ನೋದು ಮುಖ್ಯ.” ಅವನು ಚಹಾದ ಲೋಟ ಹಿಡಿದೇ ಪಾಠ ಮಾಡಿದ. “ಮನೆದೇವರ ಹೆಸರು ಇಡಬ್ಯಾಡ್ರಿ, ಮೊದ್ಲು ಅದನ್ನೇ ಒತ್ತಿ ನೋಡ್ತಾರೆ. ನಿಮ್ಮ ಹೆಸರು, ಊರ ಹೆಸರು, ಹುಟ್ಟಿದ ತಾರೀಖು ಯಾವುದೂ ಬ್ಯಾಡ. ಮನೇಲಿ ಒಬ್ಬರಿಗೂ ನೆನಪಿಗೆ ಬರಬಾರದು, ನಿಮಗೆ ಮಾತ್ರ ಮರೀಬಾರದು. ಅಂಥದು ಇಡ್ರಿ.”

“ಗಂಡನ ಹೆಸರು ಇಡ್ಲಿ ಬಿಡು,” ಎಂದರು ಅಜ್ಜಮ್ಮ. “ಹೆಂಗಸರು ಅದನ್ನ ಬಾಯಲ್ಲಿ ಹೇಳಂಗಿಲ್ಲ. ಯಾರಿಗೂ ಗೊತ್ತಾಗಲ್ಲ.”

ಯರ್ರಿಸ್ವಾಮಿ ನಕ್ಕು ಚಹಾ ಅಂಗಿಯ ಮೇಲೆ ಚೆಲ್ಲಿಕೊಂಡ. ನೀಲಾ ನಗಲಿಲ್ಲ.

“ಯಾರಿಗೂ ಗೊತ್ತಿಲ್ಲದ್ದು ಹೆಣ್ಮಕ್ಕಳ ಹತ್ರ ಏನಿರ್ತೈತಪ್ಪಾ?” ಎಂದಳು ಪ್ರೇಮಮ್ಮ, ಅವನ ಅಂಗಿಗೆ ಒದ್ದೆ ಬಟ್ಟೆ ಕೊಡುತ್ತಾ.

“ಅದನ್ನ ನೀವೇ ಹುಡುಕ್ಕೋಬೇಕು ಅಮ್ಮಾರೆ. ಇನ್ನೊಂದು ಮಾತು ತಂಗಿ, ಮರೆತ್ರೆ ನನ್ನ ಹತ್ರ ಅಳಬ್ಯಾಡ್ರಿ. ನನ್ನ ಕೈಯಲ್ಲೂ ತೆಗೆಯಾಕೆ ಆಗಲ್ಲ. ಫ್ಲಾಪಿಗೂ ಒಂದು ಪ್ರತಿ ಹಾಕಿ ಬ್ಯಾರೆ ಕಡೆ ಇಟ್ಕೊಳ್ರಿ.”

ಅವನು ಹೋದ ಮೇಲೆ ನೀಲಾ ಪರದೆಗೆ ಮೈ ಅಡ್ಡ ಮಾಡಿಕೊಂಡು ಏನನ್ನೋ ಒತ್ತಿದಳು. ಎರಡು ಸಲ ಒತ್ತಿದಳು. ಎದ್ದಾಗ ಅವಳ ಮುಖದಲ್ಲಿ ಎಷ್ಟೋ ತಿಂಗಳ ಮೇಲೆ ಒಂದು ನಿರಾಳ ಕಂಡಿತು. ಅಂದು ಎರಡು ರೊಟ್ಟಿ ಹೆಚ್ಚಿಗೆ ತಿಂದಳು.

ಮಹೇಶ್ವರಪ್ಪನವರು ನಾಲ್ಕು ದಿನ ತಡೆದರು. ಐದನೇ ದಿನ ನೀಲಾ ಶಾಲೆಗೆ ಅಂಕಪಟ್ಟಿ ಕೊಡಲು ಹೋದಾಗ ಕಂಪ್ಯೂಟರ್ ಮುಂದೆ ಕೂತರು. ಇಪ್ಪತ್ತೆಂಟು ವರ್ಷ ಟೈಪಿಂಗ್ ಕಲಿಸಿದ ಬೆರಳು ಅವರವು, ತಪ್ಪು ಒತ್ತುವುದಿಲ್ಲ. ಮನೆದೇವರು ವೀರಭದ್ರನ ಹೆಸರು ಒತ್ತಿದರು. ಕಂಪ್ಯೂಟರ್ ಕುಂಯ್ ಎಂದಿತು. ಮಗಳ ಹೆಸರು ಒತ್ತಿದರು. ಕುಂಯ್. ಹುಟ್ಟಿದ ತಾರೀಖು, ಅಳಿಯನ ಹೆಸರು, ಚನ್ನಗಿರಿ, ಹೊನ್ನಾಳಿ. ಕುಂಯ್, ಕುಂಯ್, ಕುಂಯ್, ಕುಂಯ್.

“ಅದ್ಯಾಕೆ ಬೆಕ್ಕಿನಮರಿ ಥರ ಕೂಗ್ತೈತೆ?” ಎಂದರು ಅಜ್ಜಮ್ಮ ಒಳಗಿನಿಂದ.

“ನಿನ್ನ ಮೊಮ್ಮಗಳು ನಮಗೆ ಬಾಗ್ಲು ಹಾಕ್ಯಾಳೆ ನೋಡು, ಅದಕ್ಕೆ!”

ರಾತ್ರಿಯ ಊಟಕ್ಕೆ ಎಲ್ಲರೂ ಕೂತಾಗ ಮಾತು ಬಂತು.

“ನನ್ನ ಮನೇಲಿ ನನ್ನ ಕಣ್ಣಿಗೆ ಮರೆ ಮಾಡಿದ ವಸ್ತು ಇಲ್ಲಿವರೆಗೆ ಇರ್ಲಿಲ್ಲ,” ಎಂದರು ಮಹೇಶ್ವರಪ್ಪ. “ಬಂದ ಕಾಗದ ಯಾರದೇ ಆಗ್ಲಿ, ಇಲ್ಲೇ ಕೂತು ಎಲ್ಲರಿಗೂ ಕೇಳಂಗೆ ಓದಿದೀನಿ. ನನ್ನಪ್ಪನೂ ಹಂಗೇ ಓದ್ತಿದ್ದ.”

“ಹೌದು ಅಪ್ಪಾಜಿ,” ಎಂದಳು ನೀಲಾ. “ಅಲ್ಲೂ ಹಂಗೇ ಓದ್ತಿದ್ರು.”

“ಓದ್ಲಿ! ಓದಿದ್ರೆ ಏನಾತು?”

ನೀಲಾ ಅರ್ಧ ಊಟಕ್ಕೆ ಕೈ ತೊಳೆದಳು.

ಅಂದಿನಿಂದ ತಂದೆ ಮಗಳು ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರಲಿಲ್ಲ. ಅವರು ಉಂಡ ಮೇಲೆ ಅವಳು ಬರುವಳು. ಪ್ರೇಮಮ್ಮ ಎರಡು ಸಲ ಸಾರು ಬಿಸಿ ಮಾಡುವಳು. ಮೂರನೇ ಸಲ ತನಗೆ ಬಿಸಿ ಮಾಡಿಕೊಳ್ಳುತ್ತಿರಲಿಲ್ಲ.

ಮಹಾನವಮಿ ಹತ್ತಿರ ಬಂತು. ಚನ್ನಗಿರಿಯಿಂದ ಹಿರಿಯರು ಬರುವ ಭಾನುವಾರ ಗೊತ್ತಾಯಿತು. ಹಾಲಿನವನ ಮಾತು ಅಲ್ಲಿಗೂ ಹೋಗಿತ್ತು. ಮಹೇಶ್ವರಪ್ಪ ಬೆಳಿಗ್ಗೆ ಉಪ್ಪಿಟ್ಟಿನ ತಟ್ಟೆ ಪಕ್ಕಕ್ಕೆ ಸರಿಸಿ ಹೆಂಡತಿಯನ್ನು ಕೂರಿಸಿಕೊಂಡರು.

“ಪ್ರೇಮಾ, ಅವರು ಬಂದು ಹಾಲಿನವನು ಯಾರು ಅಂತಾರೆ. ನಾನೇನು ಹೇಳ್ಲಿ? ಆ ಪೆಟ್ಟಿಗೇಲಿ ಎಲ್ಲಾ ಬರೆದಾಳೆ. ಅದು ಕೈಗೆ ಸಿಕ್ರೆ ತಪ್ಪು ಅವರದ್ದೋ ನಮ್ಮದೋ ಅಂತ ಗೊತ್ತಾಗ್ತೈತೆ. ನಾನು ಅವಳ ಶತ್ರು ಅಲ್ಲ.”

“ಅಲ್ಲ ಬಿಡ್ರಿ.”

“ನೀನು ಕೇಳು. ತಾಯಿ ಕೇಳಿದ್ರೆ ಹೇಳ್ತಾಳೆ. ಒಂದು ಮಾತು ಅಷ್ಟೇ. ಕೇಳ್ಕೊಂಡು ಬಂದು ನನಗೆ ಹೇಳು.”

“ಹೂಂ,” ಎಂದಳು ಪ್ರೇಮಮ್ಮ. ಗಂಡ ಹೇಳಿದ್ದಕ್ಕೆ ಹೂಂ ಅನ್ನುವುದು ಅವಳಿಗೆ ಉಸಿರಾಡಿದಷ್ಟೇ ರೂಢಿ.

ಹಬ್ಬಕ್ಕೆ ಮುಂಚೆ ಮನೆಯ ಕೌದಿ, ಕಂಬಳಿ, ಜಮಖಾನ ಎಲ್ಲ ಹೊಳೆಗೆ ಒಯ್ದು ಒಗೆಯುವುದು ವಾಡಿಕೆ. ತಾಯಿ ಮಗಳು ಗಂಟು ಹೊತ್ತು ತುಂಗಭದ್ರೆಗೆ ಹೋದರು. ನೀರಿನಲ್ಲಿ ಇನ್ನೂ ಮಳೆಗಾಲದ ಕೆಂಪು ಇತ್ತು. ಆಚೆ ಕಲ್ಲಿನ ಮೇಲೆ ಅದೇ ಬೀದಿಯ ಭೀಮಕ್ಕನ ಮನೆಯವರು ಬಟ್ಟೆ ಬಡಿಯುತ್ತಿದ್ದರು. ಅವರು ಮೇಲಕ್ಕೆ ಹೋಗುವವರೆಗೆ ಪ್ರೇಮಮ್ಮ ಸುಮ್ಮನಿದ್ದಳು. ಆಮೇಲೆ ದೊಡ್ಡ ಕೌದಿಯ ಒಂದು ತುದಿ ತಾನು ಹಿಡಿದು, ಇನ್ನೊಂದು ತುದಿ ಮಗಳಿಗೆ ಕೊಟ್ಟು ಹಿಂಡುತ್ತಾ ಕೇಳಿದಳು.

“ನೀಲಾ, ಆ ಮಾತು ಏನಿಟ್ಟಿದೀ?”

ನೀಲಾ ಹಿಂಡುವುದನ್ನು ನಿಲ್ಲಿಸಲಿಲ್ಲ. “ಅಪ್ಪಾಜಿ ಕೇಳು ಅಂದ್ರಾ?”

“ಹೂಂ.”

“ನಿನಗೆ ಹೇಳ್ತೀನವ್ವ. ನಿನ್ನ ಹತ್ರ ಮುಚ್ಚಿಡೋದು ಏನೂ ಇಲ್ಲ. ಆದ್ರೆ ಅಪ್ಪಾಜಿ ‘ಏನಂದ್ಲು’ ಅಂತ ಕೇಳಿದ್ರೆ ನೀನು ಏನು ಹೇಳ್ತೀ?”

ಕೌದಿಯಿಂದ ನೀರು ಇಬ್ಬರ ಕಾಲ ನಡುವೆ ಸುರಿಯಿತು. ಪ್ರೇಮಮ್ಮ ಯೋಚಿಸಿದಳು. ಗಂಡನಿಗೆ ಸುಳ್ಳು ಹೇಳಿ ಅವಳಿಗೆ ಅಭ್ಯಾಸವಿಲ್ಲ. ಸಕ್ಕರೆ ಡಬ್ಬಿ ಯಾರು ಕೆಡವಿದ್ದು ಎಂದರೂ ಅವಳ ಮುಖವೇ ಹೇಳಿಬಿಡುತ್ತಿತ್ತು.

“ಹಂಗಾದ್ರೆ ಹೇಳಬ್ಯಾಡ,” ಎಂದಳು.

“ಅವ್ವಾ...”

“ಬ್ಯಾಡ. ನನಗೆ ಗೊತ್ತಾದ್ರೆ ಅವರಿಗೆ ಗೊತ್ತಾದಂಗೇ. ನನ್ನ ಹೊಟ್ಟೆಗೆ ಬೀಗ ಇಲ್ಲ ಕಣೇ. ನೀನು ನಿನ್ನ ಹತ್ರಾನೇ ಇಟ್ಕೋ.”

ನೀಲಾ ಕೌದಿಯ ತುದಿ ಹಿಡಿದೇ ಕಲ್ಲಿನ ಮೇಲೆ ಕೂತಳು. ತಾನಾಗಿಯೇ ಹೇಳತೊಡಗಿದಳು.

“ಅಲ್ಲಿ ನಾನು ನಿನಗೆ ಬರೆದ ಕಾಗದ ಮೊದ್ಲು ನಮ್ಮತ್ತೆ ಓದಬೇಕು. ಆಮೇಲೆ ಅಂಟು ಹಚ್ಚೋದು. ನಿನ್ನ ಕಾಗದ ಬಂದ್ರೆ ಊಟ ಆದ ಮ್ಯಾಲೆ ಎಲ್ರನ್ನೂ ಕೂರಿಸ್ಕೊಂಡು ಓದ್ತಿದ್ರು. ನೀನು ಒಂದ್ಸಲ ಬರೆದಿದ್ದೆ ನೋಡು, ‘ನಾನು ಈ ಮನೆಗೆ ಹೊಸದಾಗಿ ಬಂದಾಗ ಹಿತ್ತಲ ಬಾವಿ ಹತ್ರ ಕೂತು ಅಳ್ತಿದ್ದೆ, ಬಕೀಟಿನ ಸದ್ದಲ್ಲಿ ಯಾರಿಗೂ ಕೇಳ್ತಿರ್ಲಿಲ್ಲ’ ಅಂತ. ಅದನ್ನ ಓದಿ ನಕ್ರು. ಆಮ್ಯಾಲೆ ನಾನು ಬಾವಿಗೆ ಹೋದ್ರೆ ಸಾಕು, ಬಕೀಟು ಬಡಿಯಾಕೆ ಹೋದ್ಲು ಅನ್ನೋರು.”

ಪ್ರೇಮಮ್ಮ ಹಿಂಡಿದ ಕೌದಿಯನ್ನೇ ಮತ್ತೆ ಹಿಂಡಿದಳು. ಆ ಮಾತನ್ನು ಅವಳು ಜೀವಮಾನದಲ್ಲಿ ಒಂದೇ ಸಲ, ಒಬ್ಬಳಿಗೇ ಹೇಳಿದ್ದು. ಮಗಳಿಗೆ ಧೈರ್ಯ ಬರಲಿ ಎಂದು, ಗಂಡ ಸಂತೆಗೆ ಹೋದಾಗ ಅವಸರದಲ್ಲಿ ಇನ್‌ಲ್ಯಾಂಡ್ ಕಾಗದದ ಮೂಲೆಯಲ್ಲಿ ಬರೆದದ್ದು. ಕಂಡ ಕಂಡ ಜನ ಅದನ್ನು ಎಲೆಅಡಿಕೆ ಹಾಕಿಕೊಂಡು ಕೇಳಿದ್ದರು.

“ಹಾಲಿನವನು?” ಎಂದು ಮೆಲ್ಲಗೆ ಕೇಳಿದಳು.

“ಜಂಪಣ್ಣಜ್ಜ. ಎಪ್ಪತ್ತು ದಾಟೈತೆ, ಕಿವಿ ಕೇಳಲ್ಲ. ದಿನಾ ಬೆಳಿಗ್ಗೆ ‘ನೀಲಮ್ಮಾ, ಪಾತ್ರೆ ತಾರವ್ವಾ’ ಅನ್ನೋನು. ಉಳಿದೋರಿಗೆಲ್ಲ ನಾನು ‘ಏ’, ‘ಇವಳೇ’. ನಮ್ಮನೆಯವರೂ ಅಷ್ಟೇ. ಎರಡು ವರ್ಷ ಅವನು ಕರೆದಾಗ ಮಾತ್ರ ನಾನಿದೀನಿ ಅಂತ ನನಗೇ ಗೊತ್ತಾಗ್ತಿತ್ತು.”

ಇಬ್ಬರೂ ಉಳಿದ ಬಟ್ಟೆ ಒಗೆದು, ಒದ್ದೆ ಗಂಟು ಹೊತ್ತು ಮನೆಗೆ ಬಂದರು. ಮಹೇಶ್ವರಪ್ಪ ಬಾಗಿಲಲ್ಲೇ ನಿಂತಿದ್ದರು. ಪ್ರೇಮಮ್ಮ ತಲೆ ಬಗ್ಗಿಸಿ ಒಳಗೆ ಹೋದಳು. ಅವರು ಮಗಳ ಮುಂದೆ ಕೇಳಬಾರದೆಂದು ಸುಮ್ಮನಾದರು. ಆಮೇಲೆ ಹಬ್ಬದ ಗಡಿಬಿಡಿ, ಅವರ ತಂಗಿಯ ಮನೆಯವರು ಬಂದರು, ಕೇಳಲು ಹೊತ್ತು ಸಿಗಲಿಲ್ಲ. ಹೆಂಡತಿ ಕೇಳಿಟ್ಟುಕೊಂಡಿರುತ್ತಾಳೆ ಎಂದೇ ಅವರು ನಂಬಿದ್ದರು.

ಭಾನುವಾರ ಹತ್ತು ಗಂಟೆಯ ಬಸ್ಸಿಗೆ ಚನ್ನಗಿರಿಯಿಂದ ಜಯದೇವಪ್ಪನವರು ಬಂದರು. ಅಳಿಯನ ಕಡೆಗೆ ದೊಡ್ಡವರು. ಜೊತೆಗೆ ಅಳಿಯನ ಸೋದರಮಾವ ನಾಗರಾಜಪ್ಪ. ಅಳಿಯ ಬಂದಿರಲಿಲ್ಲ. ಪಡಸಾಲೆಯ ಟೈಪ್‌ರೈಟರುಗಳ ನಡುವೆ ಚಾಪೆ ಹಾಸಿ ಕೂರಿಸಿದರು. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಚಹಾ ಆಯಿತು.

“ನಮಗೆ ಹುಡುಗಿ ಮ್ಯಾಲೆ ಸಿಟ್ಟಿಲ್ಲ,” ಎಂದರು ನಾಗರಾಜಪ್ಪ. “ಆದ್ರೆ ಏನೋ ಬರೆದಿಟ್ಟಾಳಂತೆ, ಯಾರೋ ಹಾಲಿನವನಂತೆ. ಅದನ್ನ ತೋರಿಸಿಬಿಡ್ರಿ. ಒಳಗೆ ಏನಿಲ್ಲ ಅಂದ್ರೆ ಇವತ್ತೇ ಕರ್ಕೊಂಡು ಹೋಗ್ತೀವಿ.”

“ನೀಲಾ, ತೆಗಿ ಅದನ್ನ,” ಎಂದರು ಮಹೇಶ್ವರಪ್ಪ.

ನೀಲಾ ಬಾಗಿಲಿಗೆ ಒರಗಿ ನಿಂತಿದ್ದಳು. “ತೆಗಿಯಲ್ಲ ಅಪ್ಪಾಜಿ.”

ಮಹೇಶ್ವರಪ್ಪ ಹೆಂಡತಿಯ ಕಡೆ ತಿರುಗಿದರು. “ನೀನು ಹೇಳು. ಏನು ಆ ಮಾತು?”

ಪ್ರೇಮಮ್ಮ ಚಹಾದ ಲೋಟಗಳನ್ನು ತಟ್ಟೆಗೆ ಜೋಡಿಸುತ್ತಿದ್ದಳು.

“ನನಗೆ ಗೊತ್ತಿಲ್ರಿ.”

“ಕೇಳು ಅಂದಿದ್ನಲ್ಲ?”

“ಕೇಳಿದೆ. ಅವಳು ಹೇಳಾಕೆ ಬಂದ್ಲು. ನಾನೇ ಬ್ಯಾಡ ಅಂದೆ.”

ಅಜ್ಜಮ್ಮ ಒಳಗಿನಿಂದ “ಏನಂದ್ಲು?” ಎಂದು ಕೇಳಿದರು. ಪ್ರೇಮಮ್ಮ ತಟ್ಟೆಯನ್ನು ನೆಲಕ್ಕಿಟ್ಟಳು.

ಆಗ ನೀಲಾ ಮುಂದೆ ಬಂದು ನಿಂತಳು. “ಬರೆದಿದ್ದು ತೋರಿಸಲ್ಲ. ಬಾಯಲ್ಲಿ ಹೇಳ್ತೀನಿ, ನೀವು ಕೇಳಿದ್ದು ಒಂದು ಮಾತು ಮಾತ್ರ. ಹಾಲಿನವನು ಅಂದ್ರೆ ಜಂಪಣ್ಣಜ್ಜ.”

“ನಮ್ಮ ಕಿವುಡ ಜಂಪಣ್ಣನಾ?” ಜಯದೇವಪ್ಪ ಜೋರಾಗಿ ನಕ್ಕುಬಿಟ್ಟರು. “ಅಯ್ಯೋ ತಂಗಿ, ಅವನಿಗೆ ಹಸು ಯಾವುದು ಎಮ್ಮೆ ಯಾವುದು ಕಾಣಲ್ಲ! ಅವನು ಏನು ಮಾಡಿದ?”

“ನನ್ನ ಹೆಸರು ಹಿಡಿದು ಕರೀತಿದ್ದ.”

“ಅಷ್ಟೇನಾ?”

“ಅಷ್ಟೇ. ಆ ಮನೇಲಿ ಕರೆದೋನು ಅವನೊಬ್ಬನೇ.”

ಜಯದೇವಪ್ಪ ಇನ್ನೂ ನಗುತ್ತಿದ್ದವರು ನಿಲ್ಲಿಸಿದರು. ಕನ್ನಡಕ ತೆಗೆದು ಪಂಚೆಯ ಅಂಚಿಗೆ ಒರೆಸಿದರು.

“ಸರಿ. ಹೋಗಾಕೆ ನಿನ್ನದೇನು ಮಾತು ಹೇಳು.”

“ನನಗೆ ಬಂದ ಕಾಗದ ನಾನೇ ಒಡೀಬೇಕು. ನಾನು ಬರೆದದ್ದು ಯಾರೂ ಓದಬಾರದು. ಒಂದು ಪೆಟ್ಟಿಗೆ, ಅದರ ಬೀಗದಕೈ ನನ್ನ ಹತ್ರ. ಬ್ಯಾರೆ ಏನೂ ಬ್ಯಾಡ.”

“ಇಷ್ಟಕ್ಕೆ ಮನೆ ಬಿಟ್ಟು ಬಂದ್ಯಾ?” ಎಂದರು ನಾಗರಾಜಪ್ಪ.

“ಇಷ್ಟಕ್ಕೇ.”

ಕೇಳಿ ತಿಳಿಸುತ್ತೇವೆ ಎಂದು ಹೇಳಿ ಅವರು ಊಟ ಮುಗಿಸಿ ಹೋದರು. ಅಂದು ಮಹೇಶ್ವರಪ್ಪ ಹೆಂಡತಿಯ ಜೊತೆ ಮಾತಾಡಲಿಲ್ಲ. ಮರುದಿನವೂ ಇಲ್ಲ. ಉಪ್ಪು ಬೇಕಾದರೆ ತಾಯಿಗೆ ಹೇಳುತ್ತಿದ್ದರು. “ಅವ್ವಾ, ಉಪ್ಪು.” ಅಜ್ಜಮ್ಮ ಸೊಸೆಗೆ ಹೇಳುವರು. ಪ್ರೇಮಮ್ಮ ಬಡಿಸುವಳು.

ಎಂಟು ದಿನಕ್ಕೆ ಉತ್ತರ ಬಂತು. ಪೋಸ್ಟ್ ಕಾರ್ಡಿನಲ್ಲಿ. ಟಪಾಲಿನವನು ಓದಿಕೊಂಡೇ ತಂದಿದ್ದ, ಕೊಡುವಾಗ ಮುಖ ಎತ್ತಲಿಲ್ಲ. “ನಮ್ಮ ಮನೆಯಲ್ಲಿ ಬೇರೆ ಬೇರೆ ಬೀಗ ಹಾಕುವ ಪದ್ಧತಿ ಇರುವುದಿಲ್ಲ. ಬೀಗವೇ ಬೇಕೆಂದರೆ ತಮ್ಮಲ್ಲೇ ಇಟ್ಟುಕೊಳ್ಳುವುದು.” ಇಷ್ಟೇ ಇತ್ತು. ಮಹೇಶ್ವರಪ್ಪ ಅದನ್ನು ಈ ಸಲ ಗಟ್ಟಿಯಾಗಿ ಓದಲಿಲ್ಲ. ಮಗಳ ಮೇಜಿನ ಮೇಲೆ ಕವುಚಿ ಇಟ್ಟು ಹೋದರು.

ಕಾರ್ತೀಕದಲ್ಲಿ ನೀಲಾಳಿಗೆ ಕೆಲಸ ಸಿಕ್ಕಿತು. ಜಗಳೂರಿನಲ್ಲಿ ಪ್ರೇಮಮ್ಮನ ತಮ್ಮ ಮರುಳಸಿದ್ದಪ್ಪ ಇದ್ದ. ಅಲ್ಲಿಯ ಒಂದು ಕಚೇರಿಗೆ ಟೈಪಿಸ್ಟ್ ಬೇಕು, ನಮ್ಮಲ್ಲೇ ಇರಲಿ ಎಂದು ಬರೆದಿದ್ದ. ಮಹೇಶ್ವರಪ್ಪ ಹೋಗು ಅನ್ನಲೂ ಇಲ್ಲ, ಬೇಡ ಅನ್ನಲೂ ಇಲ್ಲ. ಹೊಸ ಬೀಗವಿರುವ ಟ್ರಂಕು ಒಂದನ್ನು ತಂದು ಪಡಸಾಲೆಯಲ್ಲಿ ಇಟ್ಟರು. ಅಜ್ಜಮ್ಮ ಅದರ ಬೀಗದಕೈ ತೆಗೆದುಕೊಂಡು ಎದ್ದರು. “ಅವ್ವಾ, ಅದು ಅವಳದ್ದು. ಅವಳಿಗೆ ಕೊಡು,” ಎಂದರು ಮಹೇಶ್ವರಪ್ಪ.

ಹೊರಡುವ ಹಿಂದಿನ ಮಧ್ಯಾಹ್ನ ನೀಲಾ ತಾಯಿಯನ್ನು ಕಂಪ್ಯೂಟರ್ ಮುಂದೆ ಕೂರಿಸಿದಳು.

“ನಿನಗೂ ಬರೆಯಾಕೆ ಒಂದು ಜಾಗ ಮಾಡಿಟ್ಟೀನಿ. ಹಿಂಗೆ ಹೊತ್ತಿಸೋದು, ಹಿಂಗೆ ತೆಗೆಯೋದು. ಇಲ್ಲಿ ನೋಡು, ಚೀಟೀಲಿ ಬರೆದೀನಿ.”

“ನನಗ್ಯಾತಕ್ಕೇ ಇದು? ನಾನೇನು ಬರೀಲಿ?”

“ಬರೀದಿದ್ರೆ ಬ್ಯಾಡ. ಇರಲಿ. ಈಗ ನಿನ್ನ ಮಾತು ಒತ್ತು. ನಾನು ಆ ಕಡೆ ತಿರುಗ್ತೀನಿ.” ಅವಳು ನಿಜಕ್ಕೂ ಗೋಡೆಯ ಕಡೆ ಮುಖ ಮಾಡಿ ನಿಂತಳು.

ಪ್ರೇಮಮ್ಮನಿಗೆ ಏನೂ ತೋಚಲಿಲ್ಲ. ದೇವರ ಹೆಸರು, ಮಗಳ ಹೆಸರು, ಗಂಡನ ಹೆಸರು ಬಿಟ್ಟರೆ ಅವಳ ಬಾಯಲ್ಲಿ ಬೇರೆ ಮಾತೇ ಬರಲಿಲ್ಲ. “ಆಮ್ಯಾಲೆ ಹಾಕ್ತೀನಿ ಬಿಡು. ಚಟ್ನಿಪುಡಿ ಕಟ್ಟಬೇಕು ನಿನಗೆ,” ಎಂದು ಎದ್ದಳು.

ಬಸ್ಸು ಹೋಯಿತು. ಮನೆಯಲ್ಲಿ ಒಂದು ತಟ್ಟೆ ಕಡಿಮೆಯಾಯಿತು, ಮಧ್ಯಾಹ್ನದ ಟಕಟಕ ನಿಂತಿತು. ಹದಿನೈದು ದಿನಕ್ಕೆ ನೀಲಾಳ ಇನ್‌ಲ್ಯಾಂಡ್ ಕಾಗದ ಬಂತು. ಟಪಾಲಿನವನ ಕೈಯಿಂದ ತೆಗೆದುಕೊಂಡ ಮಹೇಶ್ವರಪ್ಪ ಹಳೆಯ ರೂಢಿಯಲ್ಲಿ ಬೆರಳಿನಿಂದ ಒಡೆದು, ಊಟಕ್ಕೆ ಕೂತಾಗ ಓದಿದರು. “ನಾನು ಕ್ಷೇಮ. ಇಲ್ಲಿ ಮಳೆ ಇಲ್ಲ. ಮಾವ ಅತ್ತೆ ಚೆನ್ನಾಗಿ ನೋಡಿಕೊಳ್ಳುತ್ತಾರೆ. ಜೋಳದ ರೊಟ್ಟಿ ನಮ್ಮ ಕಡೆಗಿಂತ ದಪ್ಪ. ಎಲ್ಲರೂ ಆರೋಗ್ಯ ನೋಡಿಕೊಳ್ಳಿ.”

“ಏನೂ ಬರೆದೇ ಇಲ್ವಲ್ಲ,” ಎಂದರು, ಕಾಗದವನ್ನು ಹಿಂದೆ ಮುಂದೆ ತಿರುಗಿಸಿ.

ಪ್ರೇಮಮ್ಮನಿಗೆ ಗೊತ್ತಿತ್ತು. ಇಲ್ಲಿ ಯಾರು ಯಾರು ಕೇಳುತ್ತಾರೋ ಅವರೆಲ್ಲರಿಗೂ ಆಗುವಷ್ಟನ್ನು ಮಾತ್ರ ಮಗಳು ಬರೆದಿದ್ದಳು. ಅಂದು ಪಾತ್ರೆ ತೊಳೆಯುವಾಗ ಬಾವಿಯ ಹತ್ತಿರ ಅವಳು ಬಕೀಟನ್ನು ಜೋರಾಗಿ ಇಡಲಿಲ್ಲ. ಅದರ ಸದ್ದಿನಲ್ಲಿ ಮುಚ್ಚಿಡುವಂಥ ಅಳುವೂ ಅವಳಲ್ಲಿ ಉಳಿದಿರಲಿಲ್ಲ.

ಮರುದಿನ ಅಜ್ಜಮ್ಮನ ತಲೆಗೆ ಎಣ್ಣೆ ಹಚ್ಚುತ್ತಾ ಕೇಳಿದಳು.

“ಅತ್ತೆ, ನಾನು ಈ ಮನೆಗೆ ಬಂದಾಗ ನನ್ನ ಹೆಸರು ಏನಿತ್ತು?”

“ಏನಿತ್ತು ಅಂದ್ರೆ? ಪ್ರೇಮಿ.”

“ಅದು ನೀವು ಇಟ್ಟಿದ್ದು. ಹರಿವಾಣದಲ್ಲಿ ಅಕ್ಕಿ ಹರಡಿ, ಉಂಗುರದಲ್ಲಿ ಬರೆಸಿದ್ರಿ. ಅದಕ್ಕೂ ಮುಂಚೆ?”

“ಮುಂಚೆ ಏನೈತೆ? ನೀನು ಬರೋವಾಗ್ಲೇ ಪ್ರೇಮಿನೇ.” ಅಜ್ಜಮ್ಮ ಕಣ್ಣು ಮುಚ್ಚಿದರು. “ಕಿವಿ ಹಿಂದೆ ಹಚ್ಚು. ಅಲ್ಲಿ ಉರೀತೈತೆ.”

ಒಂದು ಗಂಟೆಗೆ ಇನ್‌ಸ್ಟಿಟ್ಯೂಟ್ ಮುಚ್ಚಿತು. ಮಹೇಶ್ವರಪ್ಪ ಒಳಗೆ ಮಲಗಿದರು. ಪ್ರೇಮಮ್ಮ ಕೈ ಒರೆಸಿಕೊಂಡು ಒಂಬತ್ತನೆಯ ಮೇಜಿಗೆ ಹೋಗಿ, ಚೀಟಿ ನೋಡಿಕೊಂಡು ಕಂಪ್ಯೂಟರ್ ಹೊತ್ತಿಸಿದಳು. ಏಳನೇ ಇಯತ್ತೆ ಓದಿದವಳು. ಟೈಪಿಂಗ್ ಅವಳಿಗೆ ಯಾರೂ ಕಲಿಸಿರಲಿಲ್ಲ. ಆದರೆ ಇಪ್ಪತ್ತೆಂಟು ವರ್ಷ ದಿನಾ ಬೆಳಿಗ್ಗೆ ಎಂಟು ಟೈಪ್‌ರೈಟರಿನ ಧೂಳು ಒರೆಸಿದವಳಿಗೆ ಯಾವ ಅಕ್ಷರ ಎಲ್ಲಿದೆ ಎಂದು ಬಟ್ಟೆ ಹಿಡಿದ ಬೆರಳಿಗೇ ಗೊತ್ತಿತ್ತು.

ಮುಚ್ಚಲು ಇಡುವ ಮಾತು ಯಾವುದೆಂದು ಅದು ಕೇಳಿತು. ಅವಳು ಒಂದೇ ಬೆರಳಿನಲ್ಲಿ, ತವರಿನಲ್ಲಿ ಹತ್ತೊಂಬತ್ತು ವರ್ಷ ತನ್ನನ್ನು ಕರೆದ ಹೆಸರನ್ನು ಒತ್ತಿದಳು. ಕೊಟ್ರಮ್ಮ. ಅಪ್ಪ ಅವ್ವ ಹೋದ ಮೇಲೆ ಆ ಹೆಸರನ್ನು ಯಾರೂ ಅಂದಿರಲಿಲ್ಲ. ತಮ್ಮನಿಗೆ ಅವಳು ಬರೀ ಅಕ್ಕ. ಪರದೆಯ ಮೇಲೆ ಏನೂ ಕಾಣಲಿಲ್ಲ. ಇನ್ನೊಂದು ಸಲ ಒತ್ತಲು ಹೇಳಿತು. ಒತ್ತಿದಳು. ತೆರೆಯಿತು.

ಅಂದಿನಿಂದ ದಿನಾ ಎರಡು ಸಾಲು, ಮೂರು ಸಾಲು. ಮಹೇಶ್ವರಪ್ಪ ಒಮ್ಮೆ ಬಾಗಿಲಲ್ಲಿ ನಿಂತು ನೋಡಿದರು. ಏನೆಂದು ಕೇಳಲಿಲ್ಲ.

ಸಂಕ್ರಾಂತಿಯ ಹಿಂದಿನ ದಿನ ಪ್ರೇಮಮ್ಮ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಪಡಸಾಲೆಯಿಂದ ಕುಂಯ್ ಎಂದಿತು. ಕೈ ನಿಂತಿತು. ಮತ್ತೆ ಬಡಿದಳು. ಕುಂಯ್. ವೀರಭದ್ರ ಆಗಿರಬೇಕು. ಕುಂಯ್, ಇದು ನೀಲಾ. ಆಮೇಲೆ ಬಹಳ ಹೊತ್ತು ಸದ್ದಿಲ್ಲ. ಕೊನೆಗೆ ನಿಧಾನವಾಗಿ, ಉದ್ದನೆಯ ಹೆಸರೊಂದನ್ನು ಒತ್ತುವ ಟಕಟಕ. ಕುಂಯ್.

ಮಹೇಶ್ವರಪ್ಪ ಬಂದು ಊಟಕ್ಕೆ ಕೂತರು. ಅವಳು ಪಲ್ಯ ಬಡಿಸಿದಳು.

“ನನ್ನ ಹೆಸರೂ ಒತ್ತಿ ನೋಡಿದೆ,” ಎಂದರು.

“ಕೇಳಿಸ್ತು.”

ಅವರು ರೊಟ್ಟಿ ಮುರಿದರು. ದನಿಯಲ್ಲಿ ಸಿಟ್ಟಿರಲಿಲ್ಲ. “ನನಗೆ ಗೊತ್ತಿಲ್ಲದ್ದು ಏನೈತೆ ನಿನ್ನ ಹತ್ರ, ಪ್ರೇಮಾ?”

ಪ್ರೇಮಮ್ಮ ಹಂಚಿನ ಮೇಲಿನ ರೊಟ್ಟಿ ಮಗುಚಿ ಒದ್ದೆ ಬಟ್ಟೆ ಆಡಿಸಿದಳು.

“ನಿಮಗೂ ಒಂದ್ಸಲ ಗೊತ್ತಿತ್ತು. ನೋಡಾಕೆ ಬಂದಾಗ ನೀವೇ ಕೇಳಿದ್ರಿ. ನಾನೇ ಹೇಳಿದ್ದೆ.”

ಮಹೇಶ್ವರಪ್ಪನವರ ತುತ್ತು ತಟ್ಟೆಯ ಮೇಲೇ ನಿಂತಿತು. ಅವರು ಹೆಂಡತಿಯ ಬೆನ್ನನ್ನು ನೋಡುತ್ತಾ ಯೋಚಿಸಿದರು. ಜಗಳೂರಿನ ಆ ಮನೆ ನೆನಪಾಗಿರಬೇಕು, ಕೊಟ್ಟ ಅವಲಕ್ಕಿ ನೆನಪಾಗಿರಬೇಕು. ತುಟಿ ಒಂದೆರಡು ಸಲ ಅಲುಗಿತು. ಪ್ರೇಮಮ್ಮ ತಿರುಗಿ ನೋಡದೆ, ರೊಟ್ಟಿ ಉಬ್ಬುವವರೆಗೆ ಕಾದಳು. ಉಬ್ಬಿ, ಇಳಿಯಿತು.

ಅದನ್ನು ತೆಗೆದು ಅವರ ತಟ್ಟೆಗೆ ಹಾಕಿದಳು.

“ಬಿಸಿ ಐತೆ,” ಎಂದಳು, “ನೋಡ್ಕೊಂಡು ತಿನ್ರಿ.”